ಬಿರಾದಾರರ ಜಾಲಿ

ಎಳ್ಳಮಾಸಿಗೆ ಇನ್ನೂ ಎಂಟು ದಿನ.
ಸಾರವಾಡ ದಾಟಿ, ಡೋಣಿಯ ಸವುಳು ನೀರು ದಾಟಿ,
ಲೂನಾದ ಹಿಂದೆ ಕಟ್ಟಿದ ಬಣ್ಣದ ಪೆಟ್ಟಿಗೆ
ಗಡಗಡ ಅನ್ನುತ್ತ ಬಂದು ನಿಂತದ್ದು
ಈ ಅಗಸೆ ಹೊಲದ ಬದುವಿಗೆ.

ಅಗಸೆ ಹೂವಿಗೆ ಒಂದು ಮುಂಜಾನೆಯಷ್ಟೇ ಆಯುಷ್ಯ.
ಹನ್ನೊಂದು ಹೊಡೆದರೆ ಪಕಳೆ ಉದುರಿಸಿ
ಕೈತೊಳೆದುಕೊಂಡುಬಿಡುತ್ತದೆ.
ಅಷ್ಟರೊಳಗೆ ಆ ನೀಲಿ ನನಗೆ ಸಿಗಬೇಕು.
ಹಿಡಿಯಲು ತಂದ ಎಣ್ಣೆಯೂ ಅಗಸೆಯದೇ;
ಸೀಸೆಯ ಬಿರಡೆ ತೆಗೆದರೆ
ಅವ್ವ ಹಿಂಡಿ ಕುಟ್ಟುವ ಮೂಲೆಯ ವಾಸನೆ.

ಮೂರು ಕಾಲಿನ ಸ್ಟ್ಯಾಂಡು ಗಾಳಿಗೆ ಅಲುಗದಿರಲೆಂದು
ಚೀಲದಲ್ಲಿ ನಾಲ್ಕು ಹೆಂಟೆ ತುಂಬಿ ತೂಗುಬಿಟ್ಟೆ.

ಎರೆ ಕರಿಯದಲ್ಲ.
ಹದಿನೈದು ವರ್ಷಕ್ಕೆ ನಾನು ಕಲಿತದ್ದು ಇದೊಂದೇ.
ಕರಿಯ ಟ್ಯೂಬು ಒತ್ತಿದಿರೋ, ಹೊಲ ಹೋಗಿ
ಬಾವಿಯ ಬಾಯಾಗುತ್ತದೆ.
ಸುಟ್ಟ ಕಂದಿಗೆ ನೀಲಿ ಕಲಸಿ, ಕೆಂಪು ಚೂರು ತಾಗಿಸಿ
ಬದನೆಕಾಯಿ ಸಿಪ್ಪೆಯ ಆಸುಪಾಸು
ಹುಡುಕಬೇಕು ಅದನ್ನು.

ಮೊಬೈಲು ಬಿಸಿಲೆಂದು ಹೇಳಿತ್ತು.
ಮೊದಲ ಆಕಾಶ ತೆಳ್ಳಗಿತ್ತು, ನೀರಮಜ್ಜಿಗೆಯ ಹಾಗೆ.
ಅರ್ಧ ಬಳಿದಿದ್ದೆ,
ಮೂಡಣದಿಂದ ಒಂದು ಮೋಡ
ಕೇಳದೆ ಕೊಡದೆ ಒಳಗೆ ಬಂತು.
ಅದನ್ನೂ ಬಳಿದೆ.
ಮೋಡ ಬಿರಿದು ಹಳದಿ ಬಿಸಿಲಿನ ಕೋಲೊಂದು
ದೂರದ ಕುಸುಬೆಯ ಮೇಲೆ ನಿಂತಿತು.
ಆಸೆ ತಡೆಯಲಿಲ್ಲ, ಅದನ್ನೂ.
ಈಗ ಕ್ಯಾನ್ವಾಸಿನಲ್ಲಿ ಮೂರು ಮುಂಜಾನೆ
ಒಂದರ ಅಂಗಿ ಒಂದು ಹಿಡಿದು ಜಗ್ಗಾಡುತ್ತಿದ್ದವು.

ಆಮೇಲೆ ಗಾಳಿ.
ಹೆಂಟೆಯ ಚೀಲ ಅಲ್ಲೇ ಉಳಿಯಿತು,
ಚಿತ್ರ ಮಾತ್ರ ಹಾರಿ ಬೋರಲಾಗಿ ಬಿತ್ತು.
ಎತ್ತಿ ನೋಡಿದರೆ
ಬರೆದ ಹೊಲದ ಮೇಲೆ ಖರೇ ಹೊಲ,
ಹಿಡಿ ಮಣ್ಣು, ಮುರಿದ ಒಂದು ಜೋಳದ ದಂಟು,
ದಿಕ್ಕು ತಪ್ಪಿದ ಒಂದು ಇರುವೆ.

ಹನಿ ಬಿತ್ತು.
ಎಣ್ಣೆಬಣ್ಣಕ್ಕೆ ನೀರಿನ ಭಯವಿಲ್ಲ,
ಒಳಗೆ ಕರೆಯದ ನೆಂಟರ ಹಾಗೆ
ಹನಿಗಳು ಮೇಲೆಯೇ ನಿಂತವು.
ಭಯ ನನ್ನ ಕಾಲಿಗೆ:
ಎರೆ ನೆನೆದರೆ ಒಂದೊಂದು ಚಪ್ಪಲಿಯೂ
ಒಂದೊಂದು ತಾಲೂಕಿನಷ್ಟು ಭಾರ.

ಆಚೆ ಕಡಲೆಸೊಪ್ಪು ಚಿವುಟುತ್ತಿದ್ದ ನೀಲಗಂಗವ್ವ
ಓಡಿ ಬಂದು, ತಲೆಯ ಮೇಲಿನ ಯೂರಿಯಾ ಚೀಲದ ಕೊಪ್ಪೆ ತೆಗೆದು
ಚಿತ್ರಕ್ಕೆ ಹೊದಿಸಿದಳು.
"ನೀವು ನೆನೀತೀರಲ್ಲವ್ವ!"
"ನಾ ಸಂಜಿಗೆ ಒಣಗತೀನಿ.
ಇದು ಯಾವಾಗ ಒಣಗತೈತಿ?"
"ತಿಂಗಳಾದೀತು."
"ತಿಂಗಳಾ! ಹಪ್ಪಳ ಒಂದ ಬಿಸಿಲಿಗೆ ಒಣಗತಾವ."

ಕಾಲು ತಾಸಿಗೆ ಮಳೆ ಮುಗಿಯಿತು, ಮಾತು ಮುಗಿಯಲಿಲ್ಲ.
ಕೊಪ್ಪೆ ಸರಿಸಿ ಅವಳು ಬಗ್ಗಿ ನೋಡಿದಳು,
ಉತಾರ ಓದುವ ತಲಾಠಿಯ ಹಾಗೆ
ಬೆರಳಿಟ್ಟು, ಮೂಲೆಯಿಂದ ಮೂಲೆಗೆ.
"ಈ ಜಾಲಿ ಯಾಕ ಇಲ್ಲೈತಿ?"
"ಎಡಕ್ಕೆ ಖಾಲಿ ಅನಿಸಿತವ್ವ, ತುಸು ಈಚೆ ತಂದೆ."
"ಖಾಲಿ ಇದ್ದದ್ದು ಖಾಲಿ ಇರಲಿ.
ಅದು ಬಿರಾದಾರರ ಗಿಡ. ಅದರ ನೆರಳು
ನಮ್ಮ ಬೆಳಿ ಮ್ಯಾಲ ಬೀಳತೈತಂತ
ಮೂರು ವರ್ಷ ಕೋರ್ಟಿಗೆ ಅಡ್ಡಾಡೀವಿ.
ನೀವು ಬುಡಸಮೇತ ತಂದು ನಟ್ಟೀರಿ!"

ಅವಳು ನಗಲಿಲ್ಲ. ನಾನೂ ನಗಲಿಲ್ಲ.
ಹೊಲದಲ್ಲಿ ಹೂ ಒಂದೂ ಉಳಿದಿರಲಿಲ್ಲ,
ಪಕಳೆಗಳು ನೀಲಗಂಗವ್ವನ ಒದ್ದೆ ಸೆರಗಿಗೆ ಅಂಟಿದ್ದವು.
ನನಗೆ ಬೇಕಿದ್ದ ನೀಲಿ ಅಲ್ಲಿತ್ತು,
ಕಲಸಲು ಕೈ ಮುಂದಾಗಲಿಲ್ಲ.

ಚಪ್ಪಟೆ ಚಾಕು ತೆಗೆದು ಜಾಲಿಯನ್ನು
ಟೊಂಗೆ ಟೊಂಗೆಯಾಗಿ ಕೆರೆದು ತೆಗೆದೆ.
ಅದು ಹೋದ ಜಾಗದಲ್ಲಿ
ಆಕಾಶದಿಂದ ಬದುವಿನವರೆಗೆ
ಬೂದು ಬಣ್ಣದ ಒಂದು ಗೀರು ಉಳಿಯಿತು.
ದೂರದಿಂದ ನೋಡಿದರೆ ಮಳೆ.

"ಇದು ಖರೇ ಐತಿ" ಅಂದಳು,
ಕೊಪ್ಪೆ ಹೊದ್ದು ಕಡಲೆಗೆ ಹೋದಳು.

ಮಣ್ಣಿನ ಹರಳುಗಳನ್ನು ನಾನು ಕೀಳಲಿಲ್ಲ.
ಲೂನಾದ ಗಾಲಿಯಲ್ಲಿ ಎರೆ ಮೆತ್ತಿ
ಡಾಂಬರಿನ ತನಕ ನೂಕುತ್ತ ಹೋದೆ,
ಒಣಗದ ಹೊಲವೊಂದನ್ನು
ಮೈಗೆ ತಾಗದಂತೆ ಒಂದು ಕೈಯಲ್ಲಿ ಹಿಡಿದು.