ಹಾಳೆಯ ಮೂಲೆಯ ಅಂಕಿ

‘ಎರಡು’ ಅಂತ ಬರೆದರು ಡಾಕ್ಟರ್ ಲೆದ್ದಾ,
ಕುರಿಯ ಬೆನ್ನಿಗೆ ಬಣ್ಣದ ಗುರುತು ಹಾಕುವ ಹಾಗೆ,
ಸರಸರ.
ವಯಸ್ಸು ನಲವತ್ತೊಂಬತ್ತು ಅಂದಿದ್ದೆ ಅಷ್ಟೆ,
ಪೆನ್ನು ಅಲ್ಲೇ ತೀರ್ಮಾನ ಮಾಡಿಬಿಟ್ಟಿತು.
ಉಳಿದದ್ದನ್ನು ನಾನು ಅವರ ಮನೆ ಬಾಗಿಲಿಗೆ ಹೇಳಿ ಬಂದೆ.

“ರೊಟ್ಟಿ ಕಡಿಮೆ ಮಾಡಿ, ಬೊನಾರಿಯಾ. ಸ್ವಲ್ಪ ನಡೆಯಿರಿ.”
ನಡೆಯಬೇಕಂತೆ!
ಫೊನ್ನಿಯ ಮೇಲಿನ ಹುಲ್ಲುಗಾವಲಿಗೆ
ಇನ್ನೂರ ಹತ್ತು ಕುರಿಗಳ ಹಿಂದೆ
ಮೂವತ್ತು ವರ್ಷ ಸವೆದ ಕಾಲುಗಳು
ಕುರ್ಚಿಯ ಕೆಳಗೆ ಒಂದನ್ನೊಂದು ನೋಡಿಕೊಂಡವು.

ಗುಳಿಗೆ ನುಂಗಿದೆ. ಬೆಳಿಗ್ಗೆ ಒಂದು, ರಾತ್ರಿ ಒಂದು,
ಆಮೇಲೆ ಎರಡೆರಡು.
ರೊಟ್ಟಿ ಬಿಟ್ಟೆ. ನಮ್ಮ ರೊಟ್ಟಿ ಹಪ್ಪಳದಷ್ಟು ತೆಳು,
ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತದೆ,
ಅದನ್ನೂ ಬಿಟ್ಟೆ.
ಸಕ್ಕರೆ ಇಳಿಯಲಿಲ್ಲ. ಇಳಿದವಳು ನಾನು,
ಹನ್ನೊಂದು ಕಿಲೋ.
ಲಂಗಕ್ಕೆ ಪಿನ್ನು, ಪಿನ್ನಿನ ಪಕ್ಕ ಇನ್ನೊಂದು ಪಿನ್ನು.
ಒಂದು ದಿನ ಬೆರಳಿಂದ ಮದುವೆಯ ಉಂಗುರ ಜಾರಿ
ಹಾಲಿನ ಹಂಡೆಗೆ ಬಿತ್ತು, ಹೆಪ್ಪಿನ ಜೊತೆ ಹೆಪ್ಪಾಯಿತು.
ಆಂತಿಯೊಕೊ ಏಳು ಚೀಸಿನ ಗಾಲಿಗಳಿಗೆ ಕಡ್ಡಿ ಚುಚ್ಚಿ
ಕಿವಿಗೊಟ್ಟು ಕೇಳಿದ,
ಠಣ್ ಅನ್ನುತ್ತದೇನೋ ಅಂತ.

“ಕದ್ದು ತಿನ್ನುತ್ತಿಲ್ಲ ತಾನೇ?” ಮೂರನೇ ಸಲ ಕೇಳಿದರು ಲೆದ್ದಾ.
ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ.
ಆ ರಾತ್ರಿ ನನ್ನ ಮೇಲೆ ನಾನೇ ಪೊಲೀಸು ಬಿಟ್ಟೆ:
ಈಸ್ಟರಿನ ದಿನ ನೆಕ್ಕಿದ ಜೇನಿನ ಚಮಚ,
ಅತ್ತಿಗೆಯ ಮನೆಯಲ್ಲಿ ಅರ್ಧ ಬಾದಾಮಿ ಬಿಸ್ಕತ್ತು,
ಮತ್ತೇನು, ಮತ್ತೇನು?
ತಪ್ಪು ಸಾಲದೆ ಬಂದಾಗ ಬಾಲ್ಯಕ್ಕೆ ಹೋಗಿ ತಂದೆ.

ಮೊಟ್ಟೆ ಕೇಳಲು ಬಂದವಳು ಪಕ್ಕದ ಮನೆಯ ನೊಯೆಮಿ.
ಹನ್ನೊಂದು ವರ್ಷ, ತೋಳಿನಲ್ಲಿ ನಾಣ್ಯದಷ್ಟು ಸೆನ್ಸರು,
ನಮ್ಮ ದ್ವೀಪದಲ್ಲಿ ಇಂಥ ಮಕ್ಕಳು ಬಹಳ.
ಮೂಗು ಅರಳಿಸಿದಳು.
“ಅತ್ತೆ, ನಿನ್ನ ಉಸಿರಲ್ಲಿ ಕಳಿತ ಸೇಬು.
ಆಸ್ಪತ್ರೆಗೆ ಹಾಕುವ ಮುಂಚೆ ನಂದೂ ಹೀಗೇ ಇತ್ತು.”
ನನ್ನದು ಎರಡನೆಯದು ಪುಟ್ಟಿ, ದೊಡ್ಡವರದು, ಅಂದೆ.
“ಯಾರು ಹೇಳಿದ್ದು? ಪರೀಕ್ಷೆ ಮಾಡಿದ್ದಾರಾ?”
ನಾನು ಬುಟ್ಟಿಯ ಮೊಟ್ಟೆಗಳನ್ನು ಎಣಿಸಿದೆ.
ಮತ್ತೊಮ್ಮೆ ಎಣಿಸಿದೆ.

ನೂವೊರೊದ ಆಸ್ಪತ್ರೆಯಲ್ಲಿ ಅಂದೇ ಸೂಜಿ ಶುರು.
ನಾಲ್ಕು ನಳಿಗೆ ರಕ್ತ ತೆಗೆದ ಹುಡುಗಿ ಡಾಕ್ಟರು
ಮಂಚದ ಅಂಚಿಗೇ ಕೂತು ಹೇಳಿದಳು:
“ಮೈ ಕಾಯಬೇಕಾದದ್ದೇ ಮೈಯನ್ನು ತಿನ್ನುತ್ತಿರಬಹುದು.
ನಿಧಾನವಾಗಿ, ವರ್ಷಗಟ್ಟಲೆ.
ದೊಡ್ಡವರಲ್ಲೂ ಆಗುತ್ತದೆ.”
ಬೇಲಿಯೇ ಎದ್ದು ಹೊಲ ಮೇಯ್ದ ಕತೆ.
ನನಗೆ ನಮ್ಮ ಮುರ್ರು ನೆನಪಾಯಿತು,
ಬೂದು ಬಣ್ಣದ ನಾಯಿ, ಹಟ್ಟಿಯ ಬಾಗಿಲಲ್ಲೇ ಮಲಗುತ್ತಿತ್ತು.
ಆ ವರ್ಷ ಮರಿಗಳು ಒಂದೊಂದಾಗಿ ಹೋದವು.
ನಾವು ನರಿಗೆ ಬೋನು ಇಟ್ಟೆವು,
ನರಿಯ ಬಿಲಕ್ಕೆ ಹೊಗೆ ಹಾಕಿದೆವು,
ಬೇಲಿ ಸರಿಯಾಗಿ ಕಟ್ಟಲಿಲ್ಲ ಅಂತ ಆಂತಿಯೊಕೊನನ್ನು ಬೈದೆ.
ಬೆಳಿಗ್ಗೆ ಮುರ್ರು ಬಾಲ ಆಡಿಸುತ್ತಿತ್ತು,
ಮೀಸೆ ಒರೆಸಿಕೊಂಡು.

ಫಲಿತಾಂಶಕ್ಕೆ ಇನ್ನೂ ಹತ್ತು ದಿನ.
ಹಾಳೆಯ ಮೂಲೆಯಲ್ಲಿ ಲೆದ್ದಾ ಬರೆದ ಎರಡು ಹಾಗೇ ಇದೆ,
ಅದರ ಪಕ್ಕ, ಪೆನ್ಸಿಲಿನಲ್ಲಿ, ಒಂದು ಪ್ರಶ್ನೆಯ ಚಿಹ್ನೆ.
ಕುರಿಯ ಹಿಂಗಾಲು ಹಿಡಿಯುವ ಕೋಲಿನ ಹಾಗೆ
ತುದಿಯಲ್ಲಿ ಬಾಗಿದೆ.
ಎರಡು ವರ್ಷ ಯಾರೂ ಅದನ್ನು ನನ್ನ ಕಡೆ ಚಾಚಿರಲಿಲ್ಲ,
ನಾನೂ ಕೈ ನೀಡಿ ಕೇಳಿರಲಿಲ್ಲ.

ನಿನ್ನೆ ಒಂದು ರೊಟ್ಟಿ ಮುರಿದೆ. ಲೆಕ್ಕ ಹಾಕಿ, ಸೂಜಿ ಚುಚ್ಚಿಕೊಂಡು.
ಮುರಿಯುವ ಸದ್ದಿಗೇ ಆಂತಿಯೊಕೊ ಒಳಗಿಂದ ಎದ್ದು ಬಂದ.

ಉಂಗುರ ಮಾತ್ರ ಸಿಕ್ಕಿಲ್ಲ.
ಹದಿನಾಲ್ಕು ಗಾಲಿ ಕಾಲ್ಯಾರಿಯ ಮಾರುಕಟ್ಟೆಗೆ ಹೋಗಿಯಾಗಿದೆ,
ಯಾರದೋ ಹಲ್ಲು ಹೇಳೀತು.