ಅರ್ಧ ಟಿಕೀಟು

ರಾತ್ರಿ ಹನ್ನೊಂದೂವರೆಗೆ ತಿಕೋಟಾ ಕಡೆಯಿಂದ ಒಂದು ಟಂಟಂ ಬಂತು.
ಹಿಂದಿನ ಸೀಟಿನಲ್ಲಿ ದಸ್ತಗೀರಸಾಬ, ವಯಸ್ಸು ಮೂವತ್ತೊಂದು,
ದ್ರಾಕ್ಷಿ ತೋಟಗಳಿಗೆ ಎಣ್ಣಿ ಹೊಡೆಯುವವ.
(ನಮ್ಮಲ್ಲಿ ಎಣ್ಣಿ ಅಂದರೆ ತಲೆಗೆ ಹಚ್ಚುವುದೂ ಹೌದು,
ಹುಳಕ್ಕೆ ಹೊಡೆಯುವುದೂ ಹೌದು.)
ನಳಿಗೆ ಕಟ್ಟಿತ್ತಂತೆ. ತುಟಿಗಿಟ್ಟು ಊದಿದನಂತೆ,
ಒಂದೇ ಸಲ.
ಆಮೇಲೆ ಹಸಿ ಅಂಗಿಯಲ್ಲೇ ನಾಲ್ಕು ಸಾಲು ಮುಗಿಸಿದನಂತೆ.

ಅಂಗಿ ಕತ್ತರಿಸಿ ತೆಗೆದೆ. ಬೆಳ್ಳುಳ್ಳಿ ವಾಸನೆ.
ಕಣ್ಣ ಪಾಪೆ ಗಸಗಸೆ ಕಾಳು.
ಬಾಯಲ್ಲಿ ಜೊಲ್ಲು, ಎದೆಯೊಳಗೆ ಗೊರಗೊರ,
ತೊಡೆಯ ಚರ್ಮದ ಕೆಳಗೆ ಯಾರೋ ಜೋಳ ಹುರಿಯುತ್ತಿದ್ದಂತೆ
ಚಟಪಟ, ಚಟಪಟ.
"ಅಳಾಕತ್ತಾರೇನ್ರೀ ಸಿಸ್ಟರ್?" ಜೈತೂನಬಿ ಕೇಳಿದಳು.
"ಇಲ್ಲವ್ವಾ, ನೀರು ತಾನಾಗೇ ಸುರೀತೈತಿ.
ನಿಲ್ಲಸಾಂವ ಸಿಕ್ಕೊಂಡಾನ."

ಯಾರು ಅಂತ ಹೇಳಲು ಆಗ ಪುರಸೊತ್ತಿರಲಿಲ್ಲ.

ನನ್ನಪ್ಪ ಟಾಕೀಜಿನ ಬಾಗಿಲಲ್ಲಿ ನಿಲ್ಲುತ್ತಿದ್ದ,
ಮೂವತ್ತಾರು ವರ್ಷ.
ಹೆಬ್ಬೆರಳು ತೋರುಬೆರಳಿನ ನಡುವೆ ಚರ್ರ್,
ಅರ್ಧ ನಿಮಗೆ, ಅರ್ಧ ಡಬ್ಬಿಗೆ, ಮುಂದಿನವ್ರು ಬರ್ರಿ.
ನರದ ತುದಿಯಲ್ಲೂ ಇಂಥವನೊಬ್ಬ ನಿಂತಿರುತ್ತಾನೆ.
ಪುಸ್ತಕದಲ್ಲಿ ಅವನು ಕಿಣ್ವ. ಪೂರಾ ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್;
ಪರೀಕ್ಷೆಯ ಹಿಂದಿನ ರಾತ್ರಿ ಹದಿನೇಳು ಸಲ ಬರೆದು ಕಲಿತೆ.
ಮಿದುಳು ಒಂದು ಮಾತು ಕಳಿಸುತ್ತದೆ: ಮಿಸುಕು.
ಬೆರಳು ಮಿಸುಕುತ್ತದೆ.
ಆ ಮಾತನ್ನು ಇವನು ಆಗಿಂದಾಗಲೇ ಎರಡು ತುಂಡು ಮಾಡಬೇಕು,
ರೆಪ್ಪೆ ಬಡಿಯುವುದರೊಳಗೆ ಸಾವಿರ ಮಾತು.
ಹರಿಯದ ಟಿಕೀಟು ಮತ್ತೆ ಮತ್ತೆ ಒಳಗೆ ನುಗ್ಗುತ್ತದೆ.

ವಿಷ ಅವನನ್ನು ಹೊಡೆಯುವುದಿಲ್ಲ, ಬಡಿಯುವುದಿಲ್ಲ.
ಹಳೆಯ ದೋಸ್ತನ ಹಾಗೆ ಬಂದು ಕೈ ಕುಲುಕುತ್ತದೆ.
ಬಿಡುವುದಿಲ್ಲ,
ಅಷ್ಟೇ.

ಗುಮ್ಮಟದಲ್ಲಿ ಒಂದು ಚಪ್ಪಾಳೆ ಏಳು ಸಲ ತಿರುಗಿ ಸುಮ್ಮನಾಗುತ್ತದೆ.
ದಸ್ತಗೀರನೊಳಗೆ ಎಂಟನೆಯದು ಕೇಳುತ್ತಿತ್ತು. ಒಂಬತ್ತನೆಯದೂ.

ಅಟ್ರೋಪಿನ್. ಎರಡು, ನಾಲ್ಕು, ಎಂಟು,
ಗಾಜಿನ ಸಣ್ಣ ಕುತ್ತಿಗೆಗಳನ್ನು ಮುರಿಯುತ್ತ ಹೋದೆ.
ಹಿಡಿದ ಕೈ ಬಿಡಿಸುವ ಇನ್ನೊಂದು ಮದ್ದೂ ಉಂಟು;
ತಡವಾದರೆ ಹಿಡಿತಕ್ಕೆ ವಯಸ್ಸಾಗಿ ಬೆಸುಗೆಯಾಗುತ್ತದೆ.
ತಡವಾಗಿತ್ತೋ ಇಲ್ಲವೋ,
ಡಾಕ್ಟರರು ಗಡಿಯಾರ ನೋಡಿದರು, ಏನೂ ಅನ್ನಲಿಲ್ಲ.

ಮೂರೂವರೆಗೆ ಎದೆ ಒಣಗಿತು. ಪಾಪೆ ಅರಳಿತು.
ನಾಲ್ಕಕ್ಕೆ, ಮದ್ದಿನ ಅಮಲಿನಲ್ಲಿ, ಅವನು ಗಾಳಿಯಿಂದ ಏನೋ ಕೀಳತೊಡಗಿದ,
ಹೆಬ್ಬೆರಳು, ತೋರುಬೆರಳು,
ಒಂದು ಬಿಟ್ಟು ಒಂದು, ಬಹಳ ಜೋಪಾನವಾಗಿ.
"ಗೊನಿ ಸಡ್ಲ ಮಾಡಾಕತ್ತಾರ್ರೀ" ಅಂದಳು ಜೈತೂನಬಿ,
"ಕಾಯಿ ಒತ್ತಾದ್ರ ದಪ್ಪ ಆಗೂದಿಲ್ಲ."
ಆ ರಾತ್ರಿ ಅವಳು ನಕ್ಕದ್ದು ಅದೊಂದೇ ಸಲ.
ಮೈ ಹೊಸ ಬಾಗಿಲುಕಾಯುವವರನ್ನು ನೇಮಿಸಿಕೊಳ್ಳಲು
ವಾರಗಳು ಹಿಡಿಯುತ್ತವೆ. ಅದನ್ನು ಅವಳಿಗೆ ಹೇಳಲಿಲ್ಲ.

ಬೆಳಿಗ್ಗೆ ಮನೆಗೆ ಬಂದೆ.
ಅಪ್ಪ ಎದ್ದು ಕೂತಿದ್ದ. ಕರೆಂಟು ಬಿಲ್ಲು, ಲಗ್ನಪತ್ರ,
ನಿನ್ನೆಯ ಪೇಪರು, ಎಲ್ಲ ಅರ್ಧರ್ಧ ಹರಿದು
ಎರಡು ಗುಂಪು ಮಾಡಿಟ್ಟಿದ್ದ.
ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:
"ಬಾಲ್ಕನಿಯೋ, ಕೆಳಗೋ?"

ರಾತ್ರಿಯ ಗುಳಿಗೆ ಡಬ್ಬಿಯಲ್ಲೇ ಉಳಿದಿತ್ತು.
ಬಿಳಿ, ದುಂಡಗೆ. ಮರೆವಿಗೆ ಬರೆದುಕೊಟ್ಟದ್ದು.
ಅದೂ ಹೋಗುವುದು ಅದೇ ಬಾಗಿಲಿಗೆ, ಅದೇ ಮನುಷ್ಯನ ಹತ್ತಿರ.
ಅದೂ ಕೈ ಹಿಡಿಯುತ್ತದೆ, ಮೆಲ್ಲಗೆ, ತುಸು ಹೊತ್ತು,
ತಲೆಯೊಳಗೆ ಉಳಿದ ನಾಲ್ಕು ಮಾತು
ಇನ್ನೂ ಸ್ವಲ್ಪ ಹರಿಯದೆ ಇರಲೆಂದು.
ಆಮೇಲೆ ಬಿಡುತ್ತದೆ.
ವ್ಯತ್ಯಾಸವೆಲ್ಲ ಆ ಬಿಡುವುದರಲ್ಲೇ ಇದೆ.

ಗುಳಿಗೆ ಕೊಟ್ಟೆ, ನೀರು ಕೊಟ್ಟೆ.
ಮೂರು ಸಲ ಸಾಬೂನು ಹಚ್ಚಿದ್ದರೂ ನನ್ನ ಬೆರಳಿಗೆ ಬೆಳ್ಳುಳ್ಳಿಯ ವಾಸನೆ.
ಅಪ್ಪ ಆ ಕೈ ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲಿಲ್ಲ.
"ಬಾಲ್ಕನಿ" ಅಂದೆ.
ಕರೆಂಟು ಬಿಲ್ಲಿನ ಅರ್ಧ ನನ್ನ ಅಂಗೈಗಿಟ್ಟು
ಪಕ್ಕಕ್ಕೆ ಸರಿದು
ಒಳಗೆ ಬಿಟ್ಟ.