ಜತನದ ಗಾಡಿ

ಬೆಂಕಿ ಆರಿಸಾವ್ರು ಬ್ಯಾರೆ.
ನಾವು ಅವರ ಹಿಂದ ಹೋಗಾವ್ರು.
ಕೆಂಪು ಗಾಡಿ ಗಂಟಿ ಬಾರಿಸ್ತೈತಿ, ನೀರು ಹೊಡಿತೈತಿ,
ಮಂದಿ ಅದನ್ನ ನೋಡ್ತಾರ.
ನಮ್ಮ ಬೂದಿಬಣ್ಣದ ಗಾಡಿಯಾಗ
ಹದಿನೆಂಟು ತಾಡಪತ್ರಿ, ಆರು ಕಸಬರಿಗಿ,
ಎರಡು ಚೀಲ ಕಟಗಿಹೊಟ್ಟು, ಹಿಡಿ ಮುರಿದ ಕಂದೀಲು.
ವಿಮಾ ಕಂಪನಿಗಳ ಕಾಗದದಾಗ ನಮ್ಮ ಹೆಸರು
ಸಾಲ್ವೇಜ್ ಪಥಕ, ಗದಗ-ಬೆಟಗೇರಿ.
ಹತ್ತಿ ಮಾರ್ಕೆಟ್ಟಿನ ಹಮಾಲರ ಬಾಯಾಗ
ಜತನದವರು.

ನಾನು ಟೇಬಲ್ಲಿನಾಕಿ. ಫೋನ್ ಎತ್ತಾಕಿ, ಹೊತ್ತು ಬರಿಯಾಕಿ.
ಕರೆ ಬಂದದ್ದು ಎರಡೂ ಹತ್ತಕ್ಕ,
ಗಾಡಿ ಹೊಂಟದ್ದು ಎರಡೂ ಹದಿನಾಲ್ಕಕ್ಕ.
ಇಪ್ಪತ್ತೊಂದು ವರ್ಷದ ಬೆಂಕಿ ನನ್ನ ಅಕ್ಷರದಾಗ ಐತಿ.
ಒಂದೂ ನೋಡಿಲ್ಲ.

ದಾವಲಸಾಬ ನದಾಫ ನೋಡ್ಯಾನ.
ಅವನ ಅಜ್ಜ ಬಿಲ್ಲು ಮಿಡಿದು ಹಿಂಜಿದ ಹತ್ತಿ
ಮೊಮ್ಮಗನ ಅಂಗೈಗೆ ಏನೋ ಹೇಳಿಕೊಟ್ಟೈತಿ.
ಜಿನ್ನಿನ ಬೆಂಕಿ ಆರಿ, ಪೊಲೀಸರು ಹೋಗಿ,
ಎಲ್ಲಾರೂ ಚಾ ಕುಡಿಯಾಕ ಕುಂತಾಗ
ಇಂವ ಒಂದೊಂದು ಅಂಡಗಿ ಮುಟಿಗೊಂತ ನಡೀತಾನ,
ಕೂಸಿನ ಹಣಿ ಮುಟ್ಟಿ ಜ್ವರ ನೋಡಿದಂಗ.
‘ಇದರ ಹೊಟ್ಟ್ಯಾಗ ಐತ್ರಿ. ಹೊರಗ ಹಾಕ್ರಿ.’
ಮೂರು ದಿನ ಬಿಟ್ಟು ಏಳೂ ಬೆಂಕಿ ಅದು.

ಪುಣೆಯಿಂದ ಕಾಗದ ಬಂತು:
ಕರೆ ಕಡಿಮಿ, ಖರ್ಚು ಜಾಸ್ತಿ,
ಮಾರ್ಚ್ ಮೂವತ್ತೊಂದಕ್ಕ ವಿಸರ್ಜನೆ.
ದಾವಲಸಾಬ ಕೇಳಿದ,
‘ಬಾಯಾರ, ನಮ್ಮನ್ನ ಯಾವ ಬಾವ್ಯಾಗ ಬಿಡ್ತಾರ್ರಿ,
ಡೊಳ್ಳು ಬಾರಿಸಿಕೊಂತ?’

ಕಾಗದದ ಹಿಂದ ಆಫೀಸರ ಬಂದ, ದೇವಧರ ಅಂತ ಹುಡುಗ.
ಕೆಟ್ಟಾಂವಲ್ಲ. ಗಿರಮಿಟ್ಟು ಕೊಟ್ರ ತಿಂದ, ಮೆಣಸಿನಕಾಯಿಗೆ ಅತ್ತ.
‘ಮೇಡಂ, ಸುಟ್ಟಿದ್ದಕ್ಕೆ ಕ್ಲೇಮ್ ಇದೆ, ಫೋಟೋ ಇದೆ.
ನೀವು ಉಳಿಸಿದ್ದಕ್ಕೆ ರಸೀದಿ ಎಲ್ಲಿ?’
ಖರೇನ.
ಸುಡದ ಉಳಿದದ್ದು ಮರುದಿನ ಮಾರಾಟಾಗಿ ಹೋತು.
ಅದಕ್ಕ ಅರ್ಜಿ ಯಾರು ಹಾಕ್ತಾರ?

ಆ ಐತಾರ ಮೊದಲ ಸಲ
ರಜಿಸ್ಟರ್ ಬಗಲಾಗ ಹಿಡಿದು ಬೆಂಕಿ ಬಿದ್ದಲ್ಲಿಗೆ ಹೋದ್ನಿ.
ಹೊತ್ತಾಗಿತ್ತು. ಕೆಲವು ಕಡೆ ಹದಿನಾರು ವರ್ಷ.

ಬೆಟಗೇರ್ಯಾಗ ಅಂಬಾಬಾಯಿ ಬಾಕಳೆ ಮಗ್ಗ ನಿಲ್ಲಿಸಿದಳು:
‘ಮ್ಯಾಲಿನ ಮನಿ ಹತ್ತಿ, ನೀರು ತೊಲಿ ಸಂದಿಲೆ ಸುರೀತಿತ್ತು.
ನಿಮ್ಮ ನಾಕು ಮಂದಿ ನಾಕು ಮೂಲಿಗೆ,
ಸುರಗಿಗೆ ಇಟ್ಟ ತಂಬಿಗಿಯಂಗ ನಿಂತು
ಹಾಸಿನ ಮ್ಯಾಲೆ ತಾಡಪತ್ರಿ ಹಿಡದಿದ್ರು ಬೆಳತನಕ.
ಆ ಸೀರಿ ನಮ್ಮ ನಾದಿನಿ ಈಗೂ ಉಡ್ತಾಳ.’

ಪ್ರೆಸ್ಸಿನ ಸೊಲಬಯ್ಯ:
‘ರೀಮಿನ ಲೆಕ್ಕ ಮರ್ತೀನಿ.
ಅಚ್ಚಿನ ಮೊಳಿ ಪೆಟ್ಟಿಗಿ ಮೊದಲ ಎತ್ತಿದ್ರು.
ಳ-ದ ಖಾನೆ ಒಂದ ಕಳೀತು. ಆರು ತಿಂಗಳು
ಊರಿನ ಮಂಗಳ ಎಲ್ಲಾ ಮಂಗಲ ಮಾಡಿ ಹೊಡದೆ,
ಒಬ್ಬ ಬೀಗನೂ ಬೈಲಿಲ್ಲ.’

ಕಿರಾಣಿ ಅಂಗಡಿಯಾಂವ ಬೈದ:
‘ಹೊಚ್ಚೂ ಗದ್ದಲದಾಗ ನನ್ನ ತಕ್ಕಡಿ ಹಾಳ ಮಾಡಿದ್ರಿ.’
ಅದನ್ನೂ ಬರಕೊಂಡೆ.

ಉಳಿದದ್ದರ ಕಿಮ್ಮತ್ತು ಹೇಳ್ರಿ ಅಂದ್ರ
ಯಾರೂ ರೂಪಾಯಿ ಹೇಳಲಿಲ್ಲ.
ಎರಡು ಮದವಿ, ಒಂದು ಹಂಗಾಮು,
ಅಪ್ಪನ ಹೆಸರಿನ ಬೋರ್ಡು.
ನಲವತ್ತೇಳು ಮಂದಿ. ಸಹಿ ಕೆಲವು, ಹೆಬ್ಬೆಟ್ಟು ಕೆಲವು.
ಇದನ್ನ ಯಾವ ಕಾಲಮ್ಮಿಗೆ ಹಾಕ್ಲಿ ಅಂತ
ದೇವಧರ ರಾತ್ರಿ ಹತ್ತರ ತನಕ ಕುಂತಿದ್ದ,
ಚಾ ಆರಿ ಕೆನಿ ಕಟ್ಟಿತ್ತು.

ಮಾರ್ಚ್ ಇಪ್ಪತ್ತೊಂಬತ್ತಕ್ಕ ಫೋನ್.
ಹೊತ್ತು ಬರದ್ನಿ: ಹನ್ನೊಂದೂ ಇಪ್ಪತ್ತು.
ಒಂದು ವರ್ಷ. ಆಮ್ಯಾಲೆ ಮತ್ತ ನೋಡೂಣು.

ದಾವಲಸಾಬ ಕುಣೀಲಿಲ್ಲ. ಅವನ ನಿವೃತ್ತಿ ಆಗಸ್ಟಿಗೆ.
ತೊಳದ ತಾಡಪತ್ರಿ ಕಂಪೌಂಡಿಗೆ ಒಣಹಾಕಿ ಬಂದು
ಹೊಸ ಹುಡುಗ ಫಕೀರೇಶನ ಕೈ ಹಿಡಿದು
ಬಿಸಲಿನ ಗ್ವಾಡಿ ಮುಟ್ಟಿಸಿದ, ಗಾಡಿ ಬಾನೆಟ್ಟು ಮುಟ್ಟಿಸಿದ,
ಆಮ್ಯಾಲೆ ಟೇಬಲ್ ಮ್ಯಾಲಿನ ನನ್ನ ರಜಿಸ್ಟರ್.
‘ಕಣ್ಣು ಮುಚ್ಚು. ಇದರಾಗ ಐತೇನು?’
‘ಬರೇ ಬುಕ್ಕು, ಕಾಕಾ.’
‘ಇನ್ನೊಮ್ಮೆ ಮುಟ್ಟು.’